ಹೊಳಲ್ಕೆರೆ ರಸ್ತೆ ಕಡೆಯ ಕೋಳಿ ಮರಿ ಅಂಗಡಿ: ಎರಡು ಸಲ ಮರಿ ತಂದ ಮೇಲೆ

ಚಿತ್ರದುರ್ಗದ ಈ ಅಂಗಡಿಯಿಂದ ಎರಡು ಸಲ, 25ರಂತೆ ನಾಟಿ ಮರಿ ತಂದಿದ್ದೇನೆ. ಒಂದು ದಿನದ ಮರಿಗೆ 45 ರೂಪಾಯಿ. ಸಂತೆಗಿಂತ ಜಾಸ್ತಿಯೇ. ಆದರೂ ಇನ್ನು ಮುಂದೆ ಇಲ್ಲಿಂದಲೇ ತರುತ್ತೇನೆ.

ಹೋದ ವರ್ಷ ಸಂತೆಯಲ್ಲಿ ಬುಟ್ಟಿಯಲ್ಲಿ ಮಾರುವವರ ಹತ್ತಿರ 20 ಮರಿ ಕೊಂಡಿದ್ದೆ. ಐದನೇ ದಿನಕ್ಕೆ ರೆಕ್ಕೆ ಇಳಿಬಿಟ್ಟು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತವು. ಹಿಂಭಾಗದಲ್ಲಿ ಸುಣ್ಣ ಮೆತ್ತಿದ ಹಾಗೆ ಹಿಕ್ಕೆ ಒಣಗಿ ಅಂಟಿಕೊಂಡಿತ್ತು. 14 ಸತ್ತವು. ಉಳಿದ ಆರು ಚುರುಕಾಗಿದ್ದವು. ನಮ್ಮ ನಾಲ್ಕು ವರ್ಷದ ಮಗಳು ಅವನ್ನು ಕೆನ್ನೆಗೆ ಒತ್ತಿಕೊಂಡು ಮುತ್ತು ಕೊಡುತ್ತಿದ್ದಳು. ಆ ವಾರವೇ ಅವಳಿಗೆ ಜ್ವರ, ಹೊಟ್ಟೆನೋವು, ಭೇದಿ. ಡಾಕ್ಟರ್ ಮೊದಲು ಕೇಳಿದ್ದೇ "ಮನೇಲಿ ಕೋಳಿ ಇದಾವಾ?" ಅಂತ. ಮಲ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದೆ ಅಂತ ಬಂತು. ಚಮಚದಲ್ಲಿ ಒಆರ್‌ಎಸ್ ಕುಡಿಸುತ್ತಾ ಕೂತ ಆ ಐದು ದಿನ ನಾನು ಮರೆಯುವುದಿಲ್ಲ.

ಈ ಅಂಗಡಿಯವರು ಸುಮ್ನೆ ಮರಿ ತಂದು ಮಾರುವವರಲ್ಲ. ಹಿತ್ತಲಲ್ಲೇ ಮೊಟ್ಟೆ ಇಡುವ ಕೋಳಿ, ಮರಿ ಮಾಡಿಸುವ ಮಷೀನ್ ಎರಡೂ ಇವೆ. ನಾನು ಮೊದಲು ಹೋದ ದಿನ ಪಶುವೈದ್ಯರು ಬಂದು ತಾಯಿ ಕೋಳಿಗಳ ರಕ್ತ ನೋಡುತ್ತಿದ್ದರು. ರೆಕ್ಕೆ ಕೆಳಗಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ಬಿಳಿ ಟೈಲ್ಸ್ ಮೇಲೆ. ಅದಕ್ಕೆ ನೇರಳೆ ಬಣ್ಣದ ಔಷಧಿ ಒಂದು ಹನಿ. ಕಲಸಿ, ಟೈಲ್ಸ್ ಅತ್ತಿತ್ತ ವಾಲಿಸಿದರು. ಎರಡು ನಿಮಿಷದೊಳಗೆ ಒಡೆದ ಹಾಲಿನ ಹಾಗೆ ಗಂಟುಗಂಟಾದರೆ ಆ ಕೋಳಿಗೆ ಮರಿ ಕೊಲ್ಲುವ ಬಿಳಿ ಭೇದಿ ರೋಗ ತಗುಲಿದೆ ಅಂತ ಲೆಕ್ಕ. ನೋಡೋಕೆ ಗಟ್ಟಿಮುಟ್ಟಾಗಿರುವ ಕೋಳಿಯೂ ರೋಗ ಇಟ್ಟುಕೊಂಡಿರಬಹುದು, ಅದು ಮೊಟ್ಟೆಯೊಳಗಿಂದಲೇ ಮರಿಗೆ ಹೋಗುತ್ತದೆ. ಅವತ್ತು ಒಂದು ಕೋಳಿಯ ರಕ್ತ ಗಂಟು ಕಟ್ಟಿತು. ಅದನ್ನು ನನ್ನೆದುರಿಗೇ ಬೇರೆ ಮಾಡಿದರು.

ನನಗೆ ನಂಬಿಕೆ ಬಂದದ್ದು ಆಮೇಲೆ. "ಹಾಗಾದ್ರೆ ಈ ಮರಿಗಳಿಂದ ಮಗುಗೆ ಏನೂ ಆಗಲ್ಲ ಅಲ್ವಾ ಅಣ್ಣ?" ಅಂದೆ. ಹೌದು ಅಂದಿದ್ದರೆ ವ್ಯಾಪಾರ ಸಲೀಸಾಗಿ ಮುಗಿಯುತ್ತಿತ್ತು. ಅವರು "ಇಲ್ಲ ಅಕ್ಕ, ಹಾಗೆ ತಿಳ್ಕೋಬೇಡಿ" ಅಂದರು. ಮರಿ ಕೊಲ್ಲುವ ಬಿಳಿ ಭೇದಿಯೂ ಸಾಲ್ಮೊನೆಲ್ಲಾದಿಂದಲೇ ಬರುತ್ತದೆ, ಆದರೆ ಆ ಬಗೆ ಮನುಷ್ಯರಿಗೆ ತಗುಲುವುದು ಅಪರೂಪ. ಮನುಷ್ಯರನ್ನು ಕಾಡುವ ಬೇರೆ ಬಗೆಗಳಿವೆ. ಅವು ಕೋಳಿಯ ಕರುಳಲ್ಲಿ ಸದ್ದಿಲ್ಲದೆ ಇದ್ದು ಹಿಕ್ಕೆಯಲ್ಲಿ ಬರುತ್ತವೆ, ಪುಕ್ಕಕ್ಕೂ ಕಾಲಿಗೂ ಮೆತ್ತಿಕೊಳ್ಳುತ್ತವೆ. ಅಂದರೆ ನನ್ನ ಮಗಳನ್ನು ಮಲಗಿಸಿದ್ದು ಸತ್ತ ಮರಿಗಳ ರೋಗ ಅಲ್ಲದೇ ಇರಬಹುದು. ಒಂದು ವರ್ಷದಿಂದ ನಾನು ತಪ್ಪು ತಿಳಿದಿದ್ದೆ.

ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡಬೇಡಿ, ಮುಟ್ಟಿದವರು ಸೋಪು ಹಾಕಿ ಕೈ ತೊಳೀಲಿ, ಮರಿ ನೀರು ಕುಡಿಯುವ ಬಟ್ಟಲನ್ನು ಅಡುಗೆಮನೆಯ ಸಿಂಕಲ್ಲಿ ತೊಳೀಬೇಡಿ ಅಂತಲೂ ಹೇಳಿದರು. ನಮ್ಮ ಅತ್ತೆ ಹಸಿ ನಾಟಿ ಮೊಟ್ಟೆಯನ್ನು ಹಾಲಿಗೆ ಒಡೆದು ಮಗಳಿಗೆ ಕುಡಿಸುತ್ತಿದ್ದರು. ಅದೂ ನಿಂತಿದೆ. ಈಗ ಹಳದಿ ಗಟ್ಟಿಯಾಗುವ ತನಕ ಬೇಯಿಸಿಯೇ ಕೊಡುವುದು.

ಇನ್ನೊಂದು. ಸಂತೆಯವರು ನೀರಿಗೆ ಹಾಕಿ ಅಂತ ಆಂಟಿಬಯೋಟಿಕ್ ಪುಡಿ ಕೊಟ್ಟಿದ್ದರು. ಇಲ್ಲಿ ನಾನೇ ಕೇಳಿದರೂ ಕೊಡಲಿಲ್ಲ. ಪಶುವೈದ್ಯರು ಬರೆದುಕೊಡದೆ ಹಾಕಿದರೆ ಆಮೇಲೆ ಔಷಧಿಗೆ ಬಗ್ಗದ ರೋಗಾಣುಗಳೇ ಉಳಿಯುತ್ತವೆ ಅಂದರು. ಕೊಕ್ಕರೆ ರೋಗದ (ಕೋಳಿಗಳಿಗೆ ಬರುವ ರಾಣಿಖೇತ್ ಅನ್ನುವ ವೈರಸ್ ರೋಗ) ಲಸಿಕೆ ಯಾವ ದಿನ ಹಾಕಿಸಬೇಕು ಅಂತ ಮಾತ್ರ ಚೀಟಿ ಬರೆದುಕೊಟ್ಟರು.

ಮೊದಲ 25ರಲ್ಲಿ 23 ಉಳಿದಿವೆ. ಒಂದನ್ನು ಬೆಕ್ಕು ಒಯ್ದಿತು.

ಕೊರತೆ ಇಲ್ಲ ಅಂತಲ್ಲ. ಶನಿವಾರ ಮಾತ್ರ ಮರಿ ಸಿಗುತ್ತವೆ, ಡಬ್ಬ ನಾವೇ ಒಯ್ಯಬೇಕು. ಮೊದಲ ಸಲ ದೊಡ್ಡ ಕೋಳಿಗಳ ಬೋನು ಮರಿಗಳ ಪಕ್ಕದಲ್ಲೇ ಇತ್ತು. ಹೇಳಿದೆ, ಎರಡನೇ ಸಲ ಹೋಗುವಷ್ಟರಲ್ಲಿ ಹಿತ್ತಲಿಗೆ ಸಾಗಿಸಿದ್ದರು. ಆದರೆ ಗಿರಾಕಿಗಳು ಕೈ ತೊಳೆಯುವ ನಲ್ಲಿ ಹತ್ತಿರ ಸೋಪು ಇರಲಿಲ್ಲ. ಅದನ್ನೂ ಹೇಳಿ ಬಂದಿದ್ದೇನೆ.