ಹೊರದೇಶವೋ, ಊರೋ?

ಕೆಲಸಕ್ಕೆ ಹೊರದೇಶಕ್ಕೆ ಹೋಗಲೋ, ಊರಲ್ಲೇ ಇರಲೋ ಎಂದು ಕೇಳಿದ್ದೀರಿ. ಸಂಬಳ ಹೊರಗಡೆ ಜಾಸ್ತಿ ಇರಬಹುದು. ಆದರೆ ಬಾಡಿಗೆ, ತೆರಿಗೆ, ವಿಮೆ ಕಳೆದು ಕೈಯಲ್ಲಿ ಉಳಿಯುವುದೆಷ್ಟು ಅಂತ ನೋಡಿ. ಬಹಳ ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದರೆ ತೆರಿಗೆ ಲೆಕ್ಕಕ್ಕೆ ನೀವು ಅಲ್ಲಿನವರೇ. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರೆ, ಕೆಲಸ ಹೋದ ಮೇಲೆ ಆ ದೇಶ ಬಿಡಲು ದಿನ ಎಣಿಸಬೇಕು. ಊರಲ್ಲಿ ಆ ಚಿಂತೆಯಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಫೋನು. ಹೊರದೇಶದಲ್ಲಿದ್ದಾಗ ರಾತ್ರಿ ಎರಡಕ್ಕೆ ರಿಂಗಾದರೆ ಎದೆ ಧಸಕ್ಕನೆನ್ನುತ್ತಿತ್ತು. ಎಷ್ಟೋ ಸಲ ಅಮ್ಮ ಹೊತ್ತಿನ ಲೆಕ್ಕ ತಪ್ಪಿ ಸುಮ್ನೆ ಮಾಡಿರುತ್ತಿದ್ದರು. ಊರಲ್ಲಿ ಈ ಭಯವಿಲ್ಲ, ಬದಲಿಗೆ ನೆಂಟರ ವಿಚಾರಣೆ ಉಂಟು!

ವಯಸ್ಸಿದೆ, ಸಾಲ ತೀರಬೇಕು ಅಂದರೆ ಹೋಗಿ. ಹೆತ್ತವರಿಗೆ ನೀವೊಬ್ಬರೇ ಆಸರೆಯಾದರೆ ಊರೇ ಮೇಲು. ವಾಪಸ್ ಬರುವ ಯೋಚನೆ ಇದ್ದರೆ ಮಕ್ಕಳು ಶಾಲೆಗೆ ಹೊಂದಿಕೊಳ್ಳುವ ಮೊದಲೇ ಬನ್ನಿ.