ಹತ್ತು ರೂಪಾಯಿ ರೀಚಾರ್ಜು, 38,998 ರೂಪಾಯಿ ಬಿಲ್ಲು

ವೈಫೈ ಕೆಟ್ಟಿತೆಂದು ಗೂಗಲ್‌ನಲ್ಲಿ ಮೊದಲು ಕಂಡ ಕಸ್ಟಮರ್ ಕೇರ್ ನಂಬರಿಗೆ ಫೋನ್ ಹಚ್ಚಬೇಡಿ. ನಮ್ಮ ಮನೆಯಲ್ಲಿ ಮಾವನವರು ಹಚ್ಚಿದ್ದರು.

2020ರ ಜುಲೈ. ಮುಂಬೈ ಹತ್ತಿರದ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ನಾವು ಐದು ಜನ. ಲ್ಯಾಪ್‌ಟಾಪು ನಮ್ಮ ಯಜಮಾನರ ಆಫೀಸಿನದು, ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಮಗನ ಐದನೇ ಕ್ಲಾಸು ನಡೆಯುತ್ತಿದ್ದದ್ದು ಮಾವನವರ ಫೋನಿನಲ್ಲಿ. ಪಿಂಚಣಿ ಖಾತೆಯ ಓಟಿಪಿ ಬರುವುದೂ ಅದಕ್ಕೇ.

ಆ ಕಡೆಯವನು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಮಾತಾಡಿದನಂತೆ. ಒಂದು ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ಕಾಣುವ ಒಂಬತ್ತು ಅಂಕಿ ಹೇಳಿ ಅಂದ. ಅದು ನಮ್ಮ ಫೋನಿನ ಸ್ಕ್ರೀನನ್ನು ಆ ಕಡೆಯವನಿಗೆ ತೋರಿಸುವ ಆ್ಯಪ್. ಮಾವನವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಓದಿ ಹೇಳಿದ್ದು ಮೊಮ್ಮಗ. ಅವನಿಗೇಕೆ ಅನುಮಾನ ಬರಬೇಕು? ಸ್ಕ್ರೀನ್ ಶೇರ್ ಮಾಡು ಅಂತ ಟೀಚರ್ ದಿನಾ ಹೇಳುತ್ತಿದ್ದರಲ್ಲ! ಆಮೇಲೆ ಕಾರ್ಡಿನಿಂದ ಹತ್ತು ರೂಪಾಯಿ ರೀಚಾರ್ಜು ಮಾಡಿ ಅಂದ ಆ ಕಡೆಯವನು. ಕಾರ್ಡ್ ನಂಬರು, ಹಿಂದಿನ ಮೂರಂಕಿ, ಮೇಲೆ ಇಣುಕಿದ ಓಟಿಪಿ, ಎಲ್ಲ ಅವನಿಗೆ ಅಲ್ಲಿ ಕೂತಲ್ಲೇ ಕಂಡವು.

9,999. ಮತ್ತೆ 9,999.

ಮಾವನವರು ಮೆಸೇಜ್ ನೋಡಿ ಸುಮ್ಮನೆ ಕೂತುಬಿಟ್ಟರು. ನಮಗೆ ಗೊತ್ತಾದದ್ದು ಒಂದು ತಾಸಿನ ಮೇಲೆ. ಅಷ್ಟರೊಳಗೆ ಇನ್ನೂ 19,000 ಹೋಗಿತ್ತು. "ನೀವು ಬೈತೀರಿ ಅಂತ ಹೇಳ್ಲಿಲ್ಲಮ್ಮ" ಅಂದರು. ನಿಜ, ಹಿಂದಿನ ವಾರವಷ್ಟೇ ಡೇಟಾ ಖಾಲಿ ಮಾಡಿದರೆಂದು ನಾನು ರೇಗಿದ್ದೆ.

ಅವರ ಬ್ಯಾಂಕ್ ಶಾಖೆ ಮಾಟುಂಗದಲ್ಲಿ. ಆಗ ಲೋಕಲ್ ರೈಲಿನಲ್ಲಿ ಅಗತ್ಯ ಸೇವೆಯವರಿಗೆ ಮಾತ್ರ ಪ್ರವೇಶ. ಫೋನಿನಲ್ಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ದುಡ್ಡು ಬರಲಿಲ್ಲ. ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ, ಗ್ರಾಹಕರ ಅಜಾಗ್ರತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ. ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಆ ಒಂದು ತಾಸಿನ ಬೆಲೆ 19,000 ಅಂತ ಆಗ ಅರ್ಥವಾಯಿತು. ಈಗಾದರೆ ಸೈಬರ್ ವಂಚನೆಯ ಸಹಾಯವಾಣಿ 1930 ಇದೆ, ತಕ್ಷಣ ಹಚ್ಚಿ. ಹಿರಿಯರನ್ನು ಬೈಯುವುದು ಆಮೇಲೆ ಇಟ್ಟುಕೊಳ್ಳಿ.

ವೈಫೈ ಮರುದಿನ ಬೆಳಿಗ್ಗೆ ತಾನಾಗಿ ಬಂತು. ಏರಿಯಾದಲ್ಲೆಲ್ಲೋ ಕೇಬಲ್ ತುಂಡಾಗಿತ್ತಂತೆ. ಕಂಪನಿಯ ನಿಜವಾದ ನಂಬರು ಹಳೇ ಬಿಲ್ಲಿನ ಹಿಂದೆಯೇ ಇತ್ತು. ಬಿಲ್ಲು ಫ್ರಿಜ್ ಮೇಲಿತ್ತು.