ಡಬ್ಲ್ಯು3ಸಿ ವ್ಯಾಲಿಡೇಟರ್: ಪುಕ್ಕಟೆ ಸಿಗುತ್ತದೆ, ಬಳಸಲೇಬೇಕು

ಉಡುಪಿ ಸುತ್ತಮುತ್ತಲಿನ ಹೋಮ್‌ಸ್ಟೇ, ಕ್ಲಿನಿಕ್, ಸಹಕಾರಿ ಸಂಘಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಪುಟವನ್ನು ಕಟ್ಟುವ ಕೋಡ್, ಅಂದರೆ ಎಚ್‌ಟಿಎಂಎಲ್, ನಿಯಮದಂತಿದೆಯೇ ಎಂದು ತಪಾಸಣೆ ಮಾಡಿ ಹೇಳುವ ಆನ್‌ಲೈನ್ ಸಾಧನ ಈ ವ್ಯಾಲಿಡೇಟರ್; ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯದ್ದು. "ಮೊಬೈಲಲ್ಲಿ ಚಂದ ಕಾಣ್ತದಲ್ಲ, ಮತ್ತೆ ವ್ಯಾಲಿಡೇಟರ್ ಎಂತಕ್ಕೆ?" ಎಂದು ಇದೇ ಕೆಲಸದ ಗೆಳೆಯರು ಕೇಳುವುದುಂಟು. ಕಣ್ಣಿಗೆ ಕಾಣದ್ದನ್ನು ಅದು ತೋರಿಸುತ್ತದೆ, ಅದಕ್ಕೇ ಬೇಕು.

ಮಲ್ಪೆಯ ಹೋಮ್‌ಸ್ಟೇ ಒಂದರ ಸೈಟ್ ರಿಪೇರಿಗೆ ಬಂದಿತ್ತು. "ಮೇಡಂ, ಬುಕಿಂಗ್ ಗುಂಡಿ ಒತ್ತಿದ್ರೆ ಎಂತದೂ ಆಗುದಿಲ್ಲ" ಅಂತ ಮಾಲೀಕರ ದೂರು. ಪುಟ ನೋಡಿದರೆ ಎಲ್ಲ ಅಚ್ಚುಕಟ್ಟು. ವ್ಯಾಲಿಡೇಟರಿಗೆ ಸೈಟಿನ ವಿಳಾಸ ಕೊಟ್ಟೆ. ಒಂದು ಫಾರ್ಮ್ ತೆರೆದಿರುವಾಗಲೇ ಇನ್ನೊಂದು ಫಾರ್ಮ್ ಟ್ಯಾಗ್ (ಪುಟದ ಒಂದು ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಸುವ ಕೋಡಿನ ಗುರುತು) ಬಂದಿದೆ, ಹಾಗೆ ಒಳಗೊಳಗೆ ಇಡುವಂತಿಲ್ಲ ಎಂದು ಸಾಲಿನ ಸಂಖ್ಯೆಯ ಸಮೇತ ಹೇಳಿತು. ಬುಕಿಂಗ್ ಫಾರ್ಮಿನ ನಡುವೆ ಕೂಪನ್‌ಗೆಂದು ಇನ್ನೊಂದು ಫಾರ್ಮ್ ತುರುಕಿದ್ದರು. ಬ್ರೌಸರ್ ಒಳಗಿನ ಫಾರ್ಮಿನ ಆರಂಭದ ಟ್ಯಾಗನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದರ ಮುಕ್ತಾಯದ ಟ್ಯಾಗ್ ಬಂದಾಗ ಹೊರಗಿನ ಬುಕಿಂಗ್ ಫಾರ್ಮನ್ನೇ ಮುಚ್ಚುತ್ತದೆ. ಅದರ ಕೆಳಗಿದ್ದ ಫೋನ್ ನಂಬರಿನ ಜಾಗ, ಕಳಿಸುವ ಗುಂಡಿ ಎರಡೂ ಯಾವ ಫಾರ್ಮಿಗೂ ಸೇರದೆ ಉಳಿದಿದ್ದವು. ಕೂಪನ್ನಿನ ಟ್ಯಾಗ್‌ಗಳನ್ನು ತೆಗೆದದ್ದೇ ಬುಕಿಂಗ್ ಬರತೊಡಗಿತು.

ಅದೇ ಪುಟದಲ್ಲಿ ಒಂದೇ ಐಡಿ, ಅಂದರೆ ಒಂದು ಭಾಗಕ್ಕೆ ಮಾತ್ರ ಇರಬೇಕಾದ ಹೆಸರು, ಎರಡು ಕಡೆ ಇತ್ತು. 'ಮಕ್ಕಳ ಸಂಖ್ಯೆ' ಎಂಬ ಲೇಬಲ್ ಮುಟ್ಟಿದರೆ ಕರ್ಸರ್ ಹೋಗಿ ದೊಡ್ಡವರ ಸಂಖ್ಯೆಯ ಜಾಗದಲ್ಲಿ ಕೂರುತ್ತಿತ್ತು. ಕಣ್ಣು ಕಾಣುವವರು ಸರಿಮಾಡಿಕೊಂಡಾರು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶವನ್ನು ನಂಬಿ ಫಾರ್ಮ್ ತುಂಬುವವರು ಏನು ಮಾಡಬೇಕು?

ಕನ್ನಡದ ಸೈಟ್ ಮಾಡುವವರಿಗೆ ಇನ್ನೊಂದು ಮಾತು. ಪುಟದ ಭಾಷೆ ಯಾವುದೆಂದು ಎಚ್‌ಟಿಎಂಎಲ್ ಟ್ಯಾಗಿನಲ್ಲಿ ನಮೂದಿಸದಿದ್ದರೆ ವ್ಯಾಲಿಡೇಟರ್ ಎಚ್ಚರಿಸುತ್ತದೆ. ದಯವಿಟ್ಟು ಇದನ್ನು ಕಡೆಗಣಿಸಬೇಡಿ. ಅಲ್ಲಿ ಕನ್ನಡದ ಸಂಕೇತವಾದ 'ಕೆಎನ್' (kn) ಎಂದಿದ್ದರೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಕನ್ನಡದ ಧ್ವನಿಗೆ ಬದಲಾಗಬಲ್ಲದು. ನಮ್ಮೂರಿನ ಎಷ್ಟೋ ಸೈಟ್‌ಗಳು ಇಂಗ್ಲಿಷ್ ಟೆಂಪ್ಲೇಟಿನ 'ಇಎನ್' (en) ಹೊತ್ತುಕೊಂಡೇ ಪುಟವಿಡೀ ಕನ್ನಡ ತುಂಬಿಕೊಂಡಿವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ; ತಿದ್ದಲು ಬೇಕಾದ್ದು ಎರಡೇ ಅಕ್ಷರ.

ಹಾಗಂತ ದೋಷ ಸೊನ್ನೆಗೆ ಇಳಿಯುವವರೆಗೆ ನಿದ್ದೆಗೆಡಬೇಕಿಲ್ಲ. ತಪ್ಪು ಎಚ್‌ಟಿಎಂಎಲ್ ಬಂದರೆ ಹೇಗೆ ಸರಿಪಡಿಸಿಕೊಳ್ಳಬೇಕೆಂದು ಎಚ್‌ಟಿಎಂಎಲ್5 ಮಾನದಂಡವೇ ಬರೆದಿಟ್ಟಿದೆ, ಹಾಗಾಗಿ ಎಲ್ಲ ಬ್ರೌಸರ್‌ಗಳೂ ಒಂದೇ ರೀತಿ ಸಂಭಾಳಿಸುತ್ತವೆ. ಈ ಕಾರಣಕ್ಕೇ 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2, ಅಂದರೆ ಅಂಗವಿಕಲರಿಗೂ ಬಳಸಲು ಬರುವಂತೆ ಸೈಟ್ ಮಾಡುವ ಮಾರ್ಗಸೂಚಿ, ಕೋಡಿನ ಶುದ್ಧತೆ ಕುರಿತ 4.1.1 ನಿಯಮವನ್ನೇ ಕೈಬಿಟ್ಟಿತು. ಹಳೆಯ ಶೈಲಿಯ ಟ್ಯಾಗಿನ ಕೊನೆಯ ಓರೆಗೆರೆಗೆ (/) ಬರುವ ಸೂಚನೆಗಳನ್ನು ನಾನು ಫಿಲ್ಟರ್ ಹಾಕಿ ಮರೆಮಾಡುತ್ತೇನೆ. ಇನ್ನು, ಕೃಷ್ಣ ಮಠದ ಫೋಟೋಕ್ಕೆ 'ಇಮೇಜ್ 1' ಎಂದು ವಿವರಣೆ ಬರೆದರೂ ವ್ಯಾಲಿಡೇಟರ್ ಪಾಸ್ ಮಾಡುತ್ತದೆ. ಅದು ನೋಡುವುದು ವಿವರಣೆ ಇದೆಯೇ ಎಂದು ಮಾತ್ರ. ಓದಿ ಅರ್ಥವಾಗುವಂತಿದೆಯೇ ಎಂದು ನೋಡುವವರು ನಾವು.

ಬಳಸುವಾಗ ಮೇಲಿನ ದೋಷದಿಂದ ಶುರುಮಾಡಿ. ಪುಟವನ್ನು ಭಾಗ ಮಾಡುವ ಡಿವ್ ಟ್ಯಾಗ್ ಒಂದು ಮುಚ್ಚದೆ ಉಳಿದದ್ದು ಸರಿಯಾದರೆ ಅದರಿಂದ ಹುಟ್ಟಿದ ಕೆಳಗಿನ ದೋಷಗಳೂ ಹೋಗುತ್ತವೆ. ಬ್ರೌಸರಿನಲ್ಲಿ ಸ್ಕ್ರಿಪ್ಟ್ ಓಡಿಸಿ ಪುಟ ಕಟ್ಟುವ ರಿಯಾಕ್ಟ್‌ನಂಥದರಲ್ಲಿ ಮಾಡಿದ ಸೈಟಾದರೆ ವಿಳಾಸ ಕೊಟ್ಟು ಪ್ರಯೋಜನ ಕಡಿಮೆ, ಏಕೆಂದರೆ ಸ್ಕ್ರಿಪ್ಟ್ ಓಡುವ ಮುಂಚಿನ ಖಾಲಿ ಚೌಕಟ್ಟಷ್ಟೇ ಅದಕ್ಕೆ ಸಿಗುತ್ತದೆ. ಬ್ರೌಸರಿನ ಡೆವಲಪರ್ ಟೂಲ್ಸಿನಿಂದ ಪೂರ್ತಿ ಎಚ್‌ಟಿಎಂಎಲ್ ಕಾಪಿ ಮಾಡಿ, ನೇರ ಅಂಟಿಸುವ ಜಾಗಕ್ಕೆ ಹಾಕಿ. ಲಾಗಿನ್ ಒಳಗಿನ ಪುಟಗಳನ್ನು ಮಾತ್ರ ಹಾಗೆ ಅಂಟಿಸಬೇಡಿ, ಗ್ರಾಹಕರ ವಿವರ ಹೊರಗಿನ ಸರ್ವರಿಗೆ ಹೋಗುತ್ತದೆ. ವ್ಯಾಲಿಡೇಟರಿನ ಎಚ್‌ಟಿಎಂಎಲ್ ತಪಾಸಣೆಯ ತಂತ್ರಾಂಶ ಮುಕ್ತ ಮೂಲದ್ದು. ಇಳಿಸಿಕೊಂಡರೆ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಸಹಕಾರಿ ಸಂಘದ ಸದಸ್ಯರ ಪುಟಗಳನ್ನು ನಾನು ಪರೀಕ್ಷಿಸುವುದು ಹಾಗೆಯೇ.